ಮಾಚೇನಹಳ್ಳಿಯ ವಿಮಾನದ ಮೇಸ್ತ್ರಿ

ದುಡ್ಡು ಸಿಗದೆ ಆ ವಿಮಾನ ನಿಂತುಹೋಯಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದುಡ್ಡು ವಿಮಾನದ ಶೆಡ್ಡಿನ ಬಾಗಿಲಿಗೇ ಬಂದಿತ್ತು.

ಮಹಾಯುದ್ಧದ ಕಾಲದ ಆ ವಿಮಾನವನ್ನು ಮಾಚೇನಹಳ್ಳಿಯಲ್ಲಿ ರಿಪೇರಿ ಮಾಡುತ್ತ ಹಾರಿಸುತ್ತಿದ್ದ ಮೇಸ್ತ್ರಿ, ಮಾತಾಡುವಾಗಲೂ ಗ್ರೀಸು ಒರೆಸುವ ಬನಿಯನ್ ವೇಸ್ಟಿನ ಬಟ್ಟೆಚೂರಿನಲ್ಲಿ ಬೆರಳು ಒರೆಸುತ್ತಲೇ ಇರುತ್ತಿದ್ದರು. "ಹಾರಿದ್ರೆ ವಿಮಾನ, ನಿಂತ್ರೆ ಗುಜರಿ ಮಾರಾಯ" ಎಂಬುದು ಅವರ ಮಾತು. ಆಯುಧಪೂಜೆಯಂದು ಸುತ್ತಲಿನ ಕಾರ್ಖಾನೆಗಳ ಮಷೀನುಗಳೆಲ್ಲ ಹಾರ ಹಾಕಿಸಿಕೊಂಡು ಸುಮ್ಮನಿದ್ದರೆ, ಇವರು ಎಂಜಿನ್ ಶುರು ಮಾಡುತ್ತಿದ್ದರು.

ಕೊನೆಯ ಸಲದ ಆಯುಧಪೂಜೆಗೆ ಅಡಿಕೆ ಮಂಡಿಯ ಸಾಹುಕಾರರು ಬಂದಿದ್ದರು. ಎಂಜಿನ್ ರಿಪೇರಿಗೆಂದು ಕೇಳಿದಾಗಲೆಲ್ಲ ದುಡ್ಡಿಲ್ಲ ಎಂದಿದ್ದವರು, ಅಂದು ತಾವೇ ಪ್ರೊಪೆಲ್ಲರಿಗೆ ಹಾರ ಹಾಕಿದರು.

"ಮೇಸ್ತ್ರಿ, ಸರ್ಕಲ್‌ನಲ್ಲಿ ಕಂಬದ ಮೇಲೆ ಇದನ್ನ ಕೂರಿಸಿಬಿಡೋಣ. ಪೂರ್ತಿ ಖರ್ಚು ನಂದು. ಬೋರ್ಡಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಿ."

ಮೇಸ್ತ್ರಿ ರೇಗಲಿಲ್ಲ. ಎಂಜಿನ್ ಶುರು ಮಾಡಲೂ ಏಳಲಿಲ್ಲ. ಸ್ಟೂಲಿನ ಮೇಲೆ ಕೂತೇ ಕೇಳಿದರು:

"ಸಾಹುಕಾರ್ರೇ, ಹಾರ್ಸೋಕೆ ಕೇಳ್ದಾಗ ಇಲ್ದಿದ್ದ ದುಡ್ಡು, ನಿಲ್ಸೋಕೆ ಎಲ್ಲಿಂದ ಬಂತು?"