ಭಟ್ರ ಮೆಟ್ಟುಕತ್ತಿ

ಮೊನ್ನೆ ಭಾನುವಾರ ಕಾಪುವಿನಿಂದ ಬಂಗುಡೆ ತಂದಿದ್ದೆ. ಕೊಯ್ಯಲೆಂದು ಅಡುಗೆಮನೆಯ ಮೂಲೆಯಲ್ಲಿದ್ದ, ಕಾಲಲ್ಲಿ ಮೆಟ್ಟಿ ಕೊಯ್ಯುವ ಮೆಟ್ಟುಕತ್ತಿಯನ್ನು ಎಳೆದೆ. ಅದರ ಮಣೆಗೆ ಇನ್ನೂ ಇಂಗಿನ ವಾಸನೆ, ಹಲಸಿನ ಮೇಣದ ಕಪ್ಪು ಕಲೆ. ಅಮ್ಮ ಅಂಗಳದಿಂದಲೇ ಕೂಗಿದಳು.

"ಅದರಲ್ಲಿ ಮೀನು ಕೊಯ್ಯಬೇಡ ಮಾರಾಯ್ತಿ! ಅದು ಭಟ್ರದ್ದು."

ಭಟ್ರು ಅಂದರೆ ಅಂಬಲಪಾಡಿ ಕಡೆಯ ಅಡುಗೆ ಭಟ್ರು. ಮದುವೆಗೆ, ಉಪನಯನಕ್ಕೆ, ದೇವಸ್ಥಾನದ ಸಂತರ್ಪಣೆಗೆ ಅವರದೇ ಅಡುಗೆ. ಅವರ ಜೊತೆ ಅಮ್ಮ ದುಡಿಯುತ್ತಿದ್ದಳು, ಹಿಂದಿನ ಚಪ್ಪರದಲ್ಲಿ ಕೂತು ತರಕಾರಿ ಹೆಚ್ಚುವುದು, ಪಾತ್ರೆ ತಿಕ್ಕುವುದು. ಒಲೆ ಇದ್ದ ಕಡೆಗೆ ನಮ್ಮ ಜಾತಿಯವರು ದಾಟುವ ಹಾಗಿರಲಿಲ್ಲ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಕೂಲಿಯಲ್ಲೇ ನಾನು ಓದಿದೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು. ಬಿ.ಫಾರ್ಮ. ಯಾರೂ ಕೇಳದಿದ್ದರೂ ಇದನ್ನು ಈಗಲೂ ಹೇಳುತ್ತೇನೆ.

ಭಟ್ರಿಗೆ ಹೊಟ್ಟೆನೋವು ಬಹಳ ವರ್ಷಗಳಿಂದ ಇತ್ತು. ಉಂಡ ಮೇಲೆ ಎದೆಯ ಕೆಳಗೆ ಶುರುವಾಗಿ ಬೆನ್ನಿಗೆ ಇರಿಯುತ್ತಿತ್ತು. ಆಗ ಅವರು ಕೊಪ್ಪರಿಗೆಯ ಪಕ್ಕ ಕುಕ್ಕುರು ಕೂತು, ಮೊಣಕಾಲಿಗೆ ಹೊಟ್ಟೆ ಒತ್ತಿಕೊಂಡು ಸಾಂಬಾರಿನ ಹದ ಹೇಳುತ್ತಿದ್ದರು. ಕಾರ್ಕಳದ ಡಾಕ್ಟರರು ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ಮನೆಯಲ್ಲಿ ಜೀರಿಗೆ ಕಷಾಯ. ಆಳು ಒಣಗುತ್ತಾ ಬಂದರು. ಕೊನೆಗೆ ಮಣಿಪಾಲದಲ್ಲಿ ಸ್ಕ್ಯಾನ್ ಮಾಡಿದಾಗ ಗೊತ್ತಾಯಿತು: ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಉರಿಯೂತದಲ್ಲಿ ಬೆಂದು, ಒಳಗೆ ಕಲ್ಲು ಕಟ್ಟಿಕೊಂಡಿತ್ತು. ಕುಡಿಯುವ ಅಭ್ಯಾಸ ಉಂಟಾ ಎಂದು ಅಲ್ಲಿ ಮತ್ತೆ ಮತ್ತೆ ಕೇಳಿದರಂತೆ.

"ಉಂಟು, ಕಾಫಿ ಅಂತ ಹೇಳಿದೆ," ಎಂದು ನಮ್ಮಲ್ಲಿ ಬಂದು ನಕ್ಕಿದ್ದರು. ಕುಡಿಯದವರಿಗೂ ಈ ಕಾಯಿಲೆ ಬರುತ್ತದೆ, ನಮ್ಮ ಕಡೆ ಅಂಥವರು ಇದ್ದಾರೆ. ಆದರೂ ಆ ಪ್ರಶ್ನೆ ಅವರಿಗೆ ಚುಚ್ಚಿತ್ತು.

ಗ್ರಂಥಿಯ ರಸ ಬತ್ತಿದರೆ ಎಣ್ಣೆ, ತುಪ್ಪ ಜೀರ್ಣವಾಗುವುದಿಲ್ಲ, ತಿಂದದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಪ್ರತಿ ಊಟದ ಜೊತೆಗೇ ನುಂಗುವ ಕ್ಯಾಪ್ಸೂಲ್ ಬರೆದುಕೊಟ್ಟಿದ್ದರು. ಚೀಟಿ ಹಿಡಿದು ಅವರು ಬಂದದ್ದು ನಾನು ಕೆಲಸಕ್ಕಿದ್ದ ಮೆಡಿಕಲ್ ಶಾಪಿಗೆ.

"ನೀನು ಕಲಿತವಳಲ್ವಾ, ಸರಿಯಾಗಿ ಹೇಳು. ಇದನ್ನು ಎಂತದ್ದರಿಂದ ಮಾಡ್ತಾರೆ?"

"ಪ್ರಾಣಿಯ ಗ್ರಂಥಿಯಿಂದ, ಭಟ್ರೇ."

"ಯಾವ ಪ್ರಾಣಿ?"

ಕಲಿತದ್ದನ್ನು ಮುಚ್ಚಿಡಲು ನನಗೆ ಬರುವುದಿಲ್ಲ. "ಹಂದಿ," ಅಂದೆ.

ಅವರು ಕ್ಯಾಪ್ಸೂಲಿನ ಪಟ್ಟಿಯನ್ನು ಕೌಂಟರಿನ ಮೇಲಿಟ್ಟು ಹೋದರು. ಡಾಕ್ಟರರನ್ನು ಕೇಳಿ ಬೇರೆ ಬಗೆಯದ್ದು ತಗೊಂಡು ನೋಡಿದರು, ಅವರಿಗೆ ಅದು ಸಾಕಾಗಲಿಲ್ಲ. ಪಂಚೆ ಸೊಂಟದಲ್ಲಿ ನಿಲ್ಲದ ಹಾಗಾದ ಮೇಲೆ ಮತ್ತೆ ಬಂದರು. "ಕೊಡು. ಮಗಳ ಮದುವೆ ಆಗ್ಬೇಕಲ್ಲ, ಅಲ್ಲಿವರೆಗಾದ್ರೂ ಇರ್ಬೇಕು."

ಅದಾದ ಮೇಲೆ ಅಮ್ಮ ಒಂದು ಸಂಜೆ ಆಶ್ಚರ್ಯದಿಂದ ಹೇಳಿದಳು, ಭಟ್ರು ಒಲೆಯನ್ನು ತಮ್ಮನಿಗೆ ಬಿಟ್ಟು, ಮೆಟ್ಟುಕತ್ತಿ ಹಿಡಿದು ಹಿಂದಿನ ಚಪ್ಪರಕ್ಕೆ ಬಂದಿದ್ದಾರೆ ಎಂದು.

"ಎಂತ ಭಟ್ರೇ, ಒಳಗಿಂದ ಓಡಿಸಿದ್ರಾ?" ಎಂದು ಇವಳು ಛೇಡಿಸಿದಳಂತೆ.

"ಒಳಗೆ ಸೆಕೆ ಮಾರಾಯ್ತಿ. ನೀನು ಸ್ವಲ್ಪ ಆಚೆ ಸರಿ."

ಕೊನೆಯವರೆಗೂ ಅವರು ಅಲ್ಲೇ ಕೂತು ಅಮ್ಮನ ಜೊತೆ ಕುಂಬಳಕಾಯಿ ಹೆಚ್ಚಿದರು. ದೇವರ ನೈವೇದ್ಯದ ಪಾತ್ರೆಯನ್ನು ಮತ್ತೆ ಮುಟ್ಟಲಿಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ನನಗೆ ಮಾತ್ರ ಗೊತ್ತಿತ್ತು. ನಿಜ ಹೇಳುವುದಾದರೆ ನನಗೆ ಮೊದಲು ಬಂದದ್ದು ಸಿಟ್ಟು. ಅವರು ಕ್ಯಾಪ್ಸೂಲ್ ನುಂಗಿ ಹೊರಗೆ ಬಂದು ಕೂತರು, ಸರಿ. ನನ್ನ ಅಮ್ಮ ಎಂತ ನುಂಗಿದ್ದಳು? ಈ ಪ್ರಶ್ನೆಯನ್ನು ಅವರಿಗೇ ಕೇಳಬೇಕೆಂದಿದ್ದೆ... ಕ್ಯಾಪ್ಸೂಲಿಗೆ ಬಂದಾಗಲೆಲ್ಲ ಅವರ ಬಡಕಲು ಕೈ ನೋಡಿ ಚೀಟಿಯಲ್ಲಿದ್ದಷ್ಟನ್ನು ಎಣಿಸಿ ಕೊಡುತ್ತಿದ್ದೆ. ಆಮೇಲೆ ಸಿಟ್ಟೂ ಸುಸ್ತಾಯಿತು.

ಭಟ್ರಿಗೆ ಸಕ್ಕರೆ ಕಾಯಿಲೆಯೂ ಸೇರಿಕೊಂಡಿತು, ಇನ್ಸುಲಿನ್ ಶುರುವಾಯಿತು. ಮಗಳ ಮದುವೆಯನ್ನು ನೋಡಿದರು. ಕಾಲಿನ ಗಾಯ ಮಾಯಲಿಲ್ಲ. ಕಳೆದ ಮಳೆಗಾಲದಲ್ಲಿ ಹೋದರು. ಬೊಜ್ಜ, ಉತ್ತರಕ್ರಿಯೆ ಎಲ್ಲ ಮುಗಿದ ಮೇಲೆ ಅವರ ತಮ್ಮ ಬಂದು ಮೆಟ್ಟುಕತ್ತಿಯನ್ನು ನಮ್ಮ ಅಂಗಳದಲ್ಲಿಟ್ಟು, "ಅಣ್ಣ ನಿಮಗೇ ಕೊಡ್ಲಿಕ್ಕೆ ಹೇಳಿದ್ದ," ಎಂದು ಅಮ್ಮನಿಗೆ ಹೇಳಿಹೋದರು.

ಅಂದಿನಿಂದ ಅಮ್ಮ ಅದಕ್ಕೆ ತರಕಾರಿ ಬಿಟ್ಟು ಬೇರೇನನ್ನೂ ಮುಟ್ಟಿಸಿಲ್ಲ. ಮೊನ್ನೆಯೂ ಒಳಗೆ ಬಂದು, ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಸೆರಗಿನಿಂದ ಒರೆಸಿದಳು. "ಎಷ್ಟು ಮಡಿಯ ಜನ... ಅವರ ಕತ್ತಿಗೆ ಮೀನು ತಾಗಿಸ್ತಾರಾ? ಕಲಿತದ್ದು ಎಂತಕ್ಕೆ ನೀನು?"

ಹೇಳಿಬಿಡುವ ಎಂದು ಬಾಯಿಯವರೆಗೆ ಬಂತು. ಅಮ್ಮ ಕತ್ತಿಯನ್ನು ಮೂಲೆಗೆ ಒರಗಿಸಿ, ಅದರ ಪಕ್ಕ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಸೌತೆಕಾಯಿ ಬುಟ್ಟಿ ಇಟ್ಟಳು.

ನಾನು ನಮ್ಮ ಹಳೆಯ ಕತ್ತಿ ತಗೊಂಡು ಬಂಗುಡೆಯನ್ನು ಅಂಗಳಕ್ಕೆ ಒಯ್ದೆ.