ಕುಸುಮ ಜೋಡಿಸಿದ ರೋಮ್ ನಾಣ್ಯಗಳು

ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಕೋಡಿಯ ಕಡೆಗೆ ತಿರುಗುವ ರಸ್ತೆಯಲ್ಲಿ ಕುಸುಮಳ ಹೊಲಿಗೆ ಅಂಗಡಿಯಿದೆ. ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ, ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದದ ಮೇಜು, ಅಷ್ಟೇ. ರವಿಕೆಯ ತೋಳು ಕೂರಿಸುವುದರಲ್ಲಿ ಆ ಸುತ್ತಿನಲ್ಲಿ ಅವಳಿಗೆ ಸಾಟಿಯಿಲ್ಲ. ಮೂವತ್ತೈದು ವರ್ಷ ಬಟ್ಟೆ ನೋಡಿ ನೋಡಿ ಪಳಗಿದ ಕಣ್ಣು. ಬಸ್ಸಿನಲ್ಲಿ ಎದುರು ಕೂತವಳ ಬೆನ್ನಿನ ಹೊಲಿಗೆ ಕಂಡರೆ ಸಾಕು, ಇದು ಕುಂದಾಪುರದಲ್ಲಿ ಹೊಲಿಸಿದ್ದೋ ಬ್ರಹ್ಮಾವರದಲ್ಲೋ ಎಂದು ಹೇಳಿಬಿಡುತ್ತಾಳೆ. ಆದರೆ ಗಂಡನ ನಾಣ್ಯಗಳತ್ತ ಮಾತ್ರ ಅವಳು ಆ ಕಣ್ಣು ಹಾಯಿಸಿದವಳೇ ಅಲ್ಲ.

ಗಂಡ ಪ್ರೇಮಾನಂದರು ಮುಂಬೈಯ ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದವರು. ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆದವರು. ಆ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ರತನ್ ಸೇಟ್ ಎಂಬ ಪಾರ್ಸಿ ಮುದುಕರೊಬ್ಬರ ಹಳೆ ನಾಣ್ಯದ ಅಂಗಡಿಯಿತ್ತು. ದಿನವೂ ಚಹಾ ಒಯ್ಯುತ್ತಿದ್ದ ಪ್ರೇಮಾನಂದರಿಗೆ ಅಲ್ಲಿಯೇ ಹುಚ್ಚು ಹತ್ತಿತು. ಸವೆದು ಸಪಾಟಾದ, ಬೇರೆ ಯಾರೂ ಮುಟ್ಟದ ರೋಮನ್ ತಾಮ್ರದ ಬಿಲ್ಲೆಗಳನ್ನು ಸೇಟರು ಅವರಿಗೆ ಬಿಟ್ಟುಕೊಡುತ್ತಿದ್ದರು. ಹೋಟೆಲು ಮುಚ್ಚಿ ಊರಿಗೆ ಮರಳುವಾಗ ಪ್ರೇಮಾನಂದರ ಟ್ರಂಕಿನಲ್ಲಿ ಅಂಥ ಅರುವತ್ತಮೂರು ಬಿಲ್ಲೆಗಳಿದ್ದವು. ಗುಳಿಯಂಥ ಪುಟ್ಟ ಮನೆಗಳನ್ನು ಕೊರೆದ ಒಂದು ಮರದ ಹಲಗೆಯಲ್ಲಿ ಅವನ್ನು ಕೂರಿಸಿ, ಪ್ರತಿಯೊಂದರ ಅಡಿಯಲ್ಲೂ ತಾವೇ ಬರೆದ ಚೀಟಿ ಇಟ್ಟಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವನ್ನು ಹರಡಿಕೊಂಡು ಕೂರುವುದೆಂದರೆ ಅವರಿಗೆ ನಿದ್ರೆಗಿಂತ ಸುಖ. ಕುಸುಮ ಒಳಗಿನಿಂದ, "ತುಕ್ಕ್ ಹಿಡ್ದದ್ದನ್ನ್ ಕಂಡ್ ಎಂತ ಸಿಕ್ಕತ್ತ್ ನಿಮ್ಗೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಿಷನ್ ತುಳಿಯುತ್ತಿದ್ದಳು.

ಕಳೆದ ವರ್ಷ ಫೆಬ್ರವರಿಯಲ್ಲಿ, ಅಂಥದೇ ಒಂದು ಮಧ್ಯಾಹ್ನ, ಜಗುಲಿಯಲ್ಲಿ ಏನೋ ಬಿದ್ದ ಸದ್ದಾಯಿತು. ಅವಳು ಓಡಿ ಬಂದಾಗ ಪ್ರೇಮಾನಂದರು ಕುರ್ಚಿಯಿಂದ ಜಾರಿ ನೆಲದ ಮೇಲಿದ್ದರು. ಹಲಗೆ ಕವುಚಿ ಬಿದ್ದಿತ್ತು. ನಾಣ್ಯಗಳೂ ಚೀಟಿಗಳೂ ಜಗುಲಿ ತುಂಬ ಚೆಲ್ಲಿದ್ದವು. ಅಕ್ಕಪಕ್ಕದವರು ಅವರನ್ನು ಎತ್ತಿ ಆಸ್ಪತ್ರೆಗೆ ಒಯ್ದರು. ಯಾರೋ ಪುಣ್ಯಾತ್ಮರು ನೆಲದ ಮೇಲಿದ್ದುದನ್ನೆಲ್ಲ ಬಾಚಿ ಬಿಸ್ಕತ್ತಿನ ಡಬ್ಬಕ್ಕೆ ತುಂಬಿಟ್ಟರು.

ಪಾರ್ಶ್ವವಾಯು. ಬಲಗೈ, ಬಲಗಾಲು ಸೋತವು. ಕಾಲಿಗೆ ಏಪ್ರಿಲ್ ಹೊತ್ತಿಗೆ ಸ್ವಲ್ಪ ಬಲ ಬಂತು. ಮಾತು ಮಾತ್ರ ಹೋಯಿತು. ಪೂರ್ತಿ ಹೋಯಿತು ಅನ್ನುವ ಹಾಗೂ ಇಲ್ಲ, ಒಂದೇ ಒಂದು ಶಬ್ದ ಉಳಿದಿತ್ತು: "ನಾಳೆ." ನೀರು ಬೇಕಾದರೂ ನಾಳೆ, ಸಿಟ್ಟು ಬಂದರೂ ನಾಳೆ. ಮಗಳು ವಿನಯಾ ಬ್ರಹ್ಮಾವರದಿಂದ ಬಂದು ಪಕ್ಕದಲ್ಲಿ ಕೂತರೆ ಅವಳ ತಲೆ ನೇವರಿಸುತ್ತಾ ಅದೇ ನಾಳೆ. ಓದುವುದೂ ಕೈಬಿಟ್ಟಿತ್ತು. ಪೇಪರನ್ನು ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿ ಮಡಚಿಡುತ್ತಿದ್ದರು.

ಮಾತಿನ ಚಿಕಿತ್ಸೆ ಕೊಡಲು ಅನಿಷಾ ಎಂಬ ಹುಡುಗಿ ಪ್ರತಿ ಮಂಗಳವಾರ ಬರುತ್ತಿದ್ದಳು. ಹೂವಿನ ಚಿತ್ರ, ಬಾಳೆಹಣ್ಣಿನ ಚಿತ್ರ ತೋರಿಸಿದರೆ ಪ್ರೇಮಾನಂದರು ಮುಖ ತಿರುಗಿಸುತ್ತಿದ್ದರು. ಒಂದು ದಿನ ಅವಳು ಕೇಳಿದಳು, "ಆಂಟಿ, ಇವ್ರಿಗ್ ಮುಂಚೆ ಎಂತದ್ರ ಮೇಲೆ ಪ್ರೀತಿ ಇದ್ದಿತ್ತ್? ಅದನ್ನೇ ತನ್ನಿ. ಅದ್ರಿಂದ್ಲೇ ಶುರು ಮಾಡ್ವ."

ಕುಸುಮ ಡಬ್ಬ ತಂದು ಅವರ ಮುಂದೆ ಸುರಿದಳು. ಪ್ರೇಮಾನಂದರ ಕಣ್ಣು ಅರಳಿತು. ಎಡಗೈಯಿಂದ ಒಂದು ನಾಣ್ಯ ಎತ್ತಿ ಹೆಬ್ಬೆರಳಿನಿಂದ ಉಜ್ಜಿದರು. ಚೀಟಿಗಳ ರಾಶಿಯಿಂದ ಒಂದನ್ನು ಆರಿಸಿ ನಾಣ್ಯದ ಪಕ್ಕ ಇಟ್ಟರು, ತೆಗೆದರು, ಇನ್ನೊಂದನ್ನು ಇಟ್ಟರು. ನಾಣ್ಯ ಅವರಿಗೆ ಗೊತ್ತಿತ್ತು, ಅಕ್ಷರ ಗೊತ್ತಾಗುತ್ತಿರಲಿಲ್ಲ. ನಾಲ್ಕೈದು ಸಲ ಹಾಗೆ ಮಾಡಿ ಕೈ ಚೆಲ್ಲಿದರು. ಕಣ್ಣಿನಿಂದ ನೀರು ಇಳಿಯಿತು.

ಅವರು ಅತ್ತದ್ದನ್ನು ಕುಸುಮ ಅದುವರೆಗೆ ಕಂಡಿರಲಿಲ್ಲ. "ಮರ್ಕ್‌ಬೇಡಿ," ಅಂದಳು. "ನಾನಿಲ್ಯಾ? ಎಲ್ಲಾ ಸಮ ಮಾಡಿ ಕೊಡ್ತೆ."

ಹೇಳುವಾಗ ಅದು ಎಷ್ಟು ದೊಡ್ಡ ಕೆಲಸವೆಂದು ಅವಳಿಗೆ ಅಂದಾಜಿರಲಿಲ್ಲ. ಕತ್ತರಿಸುವ ಮೇಜಿನ ಒಂದು ತುದಿಯಲ್ಲಿ ಬಿಳಿ ಬಟ್ಟೆ ಹಾಸಿ ಅರುವತ್ತಮೂರು ನಾಣ್ಯ, ಅರುವತ್ತಮೂರು ಚೀಟಿ ಹರಡಿದಳು. ಸೂಜಿಗೆ ನೂಲು ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿ ಹೇಗೂ ಇತ್ತು. ಮೊದಲನೆಯದು ಸುಲಭವಾಗಿ ಸಿಕ್ಕಿತು. ಚೀಟಿಯಲ್ಲಿ "ತೋಳದ ಮೊಲೆ ಕುಡಿಯುವ ಅವಳಿ ಮಕ್ಕಳು, ರೋಮ್ ಕಟ್ಟಿದವರು" ಎಂದಿತ್ತು. ನಾಣ್ಯದಲ್ಲಿ ನಾಲ್ಕು ಕಾಲಿನ ಒಂದು ಪ್ರಾಣಿ, ಹೊಟ್ಟೆಯಡಿ ಎರಡು ಪುಟ್ಟ ಉಬ್ಬು. "ಅಯ್ಯೋ, ಇದನ್ನ್ ನಾನ್ ನಾಯಿ ಅಂದ್ಕಂಡಿದ್ದೆ ಕಾಣಿ," ಎಂದು ಗಂಡನ ಅಂಗೈಗೆ ಇಟ್ಟು ಚೀಟಿ ಓದಿದಳು. ಪ್ರೇಮಾನಂದರು ನಾಣ್ಯ ಉಜ್ಜಿ ಜೋರಾಗಿ ತಲೆಯಾಡಿಸಿದರು. ಅಲ್ಲಿಂದ ಅದೇ ಕ್ರಮವಾಯಿತು. ಅವಳು ಜೋಡಿ ಹೇಳುವುದು, ಅವರು ಒಪ್ಪಿದರೆ ತಲೆಯಾಡಿಸುವುದು, ಒಪ್ಪದಿದ್ದರೆ ನಾಣ್ಯವನ್ನು ಅವಳ ಕಡೆಗೆ ತಳ್ಳುವುದು.

ರಾಜರ ತಲೆಗಳು ಕಿರೀಟದಿಂದ ಗೊತ್ತಾದವು. ಕೆಲವರಿಗೆ ಎಲೆಯ ಮಾಲೆ, ಕೆಲವರಿಗೆ ಸೂರ್ಯನ ಕಿರಣದ ಹಾಗೆ ಮುಳ್ಳು ಮುಳ್ಳು. ಕಷ್ಟವಾದದ್ದು ಹೆಂಗಸರದು. ಹದಿನೆಂಟು ನಾಣ್ಯಗಳ ಹಿಂಬದಿಯಲ್ಲಿ ಒಬ್ಬೊಬ್ಬ ಹೆಂಗಸು, ಎಲ್ಲರೂ ನಿಂತವರೇ, ಎಲ್ಲರಿಗೂ ಕಾಲಿನವರೆಗೆ ನೆರಿಗೆ. ಮುಖ ನೋಡಿದರೆ ಒಂದು ಅಕ್ಕಿಕಾಳಿನಷ್ಟು, ಅದೂ ಸವೆದದ್ದು. ಅಂಚಿನ ಅಕ್ಷರಗಳು ಎಂದೋ ಅಳಿಸಿಹೋಗಿದ್ದವು. ಒಂದು ವಾರ ಕೂತರೂ ಒಬ್ಬಳೂ ಒಲಿಯಲಿಲ್ಲ. ಕೊನೆಗೆ ಒಂದು ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಸಾಲು ಕಣ್ಣಿಗೆ ಬಿತ್ತು: "ಸೇಟ್ ಹೇಳಿದ್ದು. ಮುಖ ನೋಡಬೇಡ, ಕೈ ನೋಡು. ಕೈಯಲ್ಲಿ ಇರುವುದೇ ಅವಳ ಹೆಸರು."

ಕುಸುಮ ಕೈ ನೋಡತೊಡಗಿದಳು. ಒಬ್ಬಳ ಕೈಯಲ್ಲಿ ತಕ್ಕಡಿ, ಅವಳು ಸಮನ್ಯಾಯ. ಒಬ್ಬಳು ಕಂಬಕ್ಕೆ ಒರಗಿ, ಕಾಲಿಗೆ ಕಾಲು ಹೆಣೆದು, ಕೈಯನ್ನು ತಲೆಯ ಮೇಲಿಟ್ಟು ಕೆಲಸ ಮುಗಿಸಿದವಳ ಹಾಗೆ ನಿಂತಿದ್ದಳು. ಚೀಟಿಯಲ್ಲಿ "ನಿಶ್ಚಿಂತೆ" ಎಂದಿತ್ತು. ಇನ್ನೊಬ್ಬಳು ಒಂದು ಕೈಯಲ್ಲಿ ಹೂ ಹಿಡಿದು, ಇನ್ನೊಂದರ ಎರಡು ಬೆರಳಿನಲ್ಲಿ ಉಡುಗೆಯ ಅಂಚನ್ನು ಚೂರು ಎತ್ತಿದ್ದಳು, ಮಳೆಗಾಲದಲ್ಲಿ ಗದ್ದೆಯ ಅಂಚಿನ ಮೇಲೆ ನಡೆಯುವವಳ ಹಾಗೆ. ಅವಳು "ಭರವಸೆ." ಎರಡು ಸಾವಿರ ವರ್ಷದ ಹಿಂದೆ ಯಾರೋ ನೆರಿಗೆ ಬೀಳುವ ರೀತಿಯನ್ನು ಇಷ್ಟು ಸರಿಯಾಗಿ ಕಂಡಿದ್ದಾನಲ್ಲ ಎಂದು ಕುಸುಮಳಿಗೆ ಅನಿಸಿ, ಹೊಲಿಸಲು ಬಂದ ಹೆಂಗಸರಿಗೂ ಕರೆದು ತೋರಿಸಿದಳು. ಸಪೂರ ಮುಖದ ಒಬ್ಬ ರಾಣಿಯ ತಲೆಯಿದ್ದ ನಾಣ್ಯದ ಚೀಟಿಯಲ್ಲಿ "ನಕಲಿ. ಗೊತ್ತಿದ್ದೂ ತೆಗೆದುಕೊಂಡೆ. ಮುಖ ಚೆಂದ" ಎಂದು ಬರೆದಿತ್ತು. ಅದನ್ನು ಓದಿ ಹೇಳಿದಾಗ ಪ್ರೇಮಾನಂದರು ನಾಚಿಕೊಂಡರು.

ಚೀಟಿಗಳಿಗೆ ಹಿಂಬದಿಯೂ ಇದೆ ಎಂದು ತಿಳಿದ ಮೇಲೆ ಅವಳು ಪ್ರತಿಯೊಂದನ್ನೂ ತಿರುಗಿಸಿ ನೋಡುತ್ತಿದ್ದಳು. ಹೆಚ್ಚಿನವು ಖಾಲಿ. ಕೆಲವುಗಳಲ್ಲಿ ಒಂದು ತಾರೀಕು, ಒಂದೆರಡು ಸಾಲು. "ಇವತ್ತು ಮ್ಯಾನೇಜರ್ ಮಾಡಿದರು." "ಮುಂಬೈಯಲ್ಲಿ ಬೆಳಿಗ್ಗೆಯಿಂದ ಮಳೆ. ಸೇಟ್ ಅಂಗಡಿಯಲ್ಲಿ ನಾವಿಬ್ಬರೇ." "ವಿನಯಾ ಹುಟ್ಟಿದ ಟೆಲಿಗ್ರಾಂ ಬಂತು." ಊರಿನಲ್ಲಿ ಎರಡು ಮಾತು ಜೋಡಿಸಿ ಆಡದಿದ್ದ ಮನುಷ್ಯ ಅಲ್ಲಿ ಕೂತು ಇಷ್ಟು ಬರೆದಿದ್ದರು.

ಜೂನ್ ಕೊನೆಯಲ್ಲಿ ಒಂದು ನಾಣ್ಯ ಅವಳ ಕೈಗೆ ಬಂತು. ಅದರಲ್ಲಿದ್ದ ಹೆಂಗಸು ಬಟ್ಟಲು ಹಿಡಿದು ಹಾವಿಗೆ ಉಣಿಸುತ್ತಿದ್ದಳು. ಕುಸುಮ ಅದನ್ನು ಕಣ್ಣಿಗೆ ಒತ್ತಿಕೊಂಡಳು. ನಾಗನಿಗೆ ಹಾಲೆರೆಯುವುದು ಆ ದೇಶದಲ್ಲೂ ಇತ್ತೇ? ಇದರ ಚೀಟಿ ಹುಡುಕುವುದು ಕಷ್ಟವಾಗಲಿಲ್ಲ. "ಹಾವಿಗೆ ಉಣಿಸುವ ದೇವಿ. ಆರೋಗ್ಯ." ಚೀಟಿ ತಿರುಗಿಸಿದಳು.

"1991 ಆಗಸ್ಟ್. ಮಗು ಉಳಿಯಲಿಲ್ಲ ಎಂದು ಕಾಗದ. ರಜೆ ಕೇಳಿದೆ, ಇಲ್ಲ ಅಂದರು. ಎರಡನೇ ಸಲ ಕೇಳಿದೆ. ಕುಸುಮ ಒಬ್ಬಳೇ ಇದ್ದಾಳೆ. ಸೇಟ್ ಈ ದೇವಿಯನ್ನು ಕೊಟ್ಟರು. ಅವಳಿಗೆ ಏನೂ ಆಗದಿರಲಿ."

ವಿನಯಾಳಿಗಿಂತ ಮುಂಚೆ ಹುಟ್ಟಿದ ಆ ಗಂಡುಮಗು ಎರಡೇ ದಿನ ಬದುಕಿದ್ದು. ಪ್ರೇಮಾನಂದರು ಬಂದದ್ದು ನಾಲ್ಕು ತಿಂಗಳ ಮೇಲೆ, ಒಂದು ಸೀರೆ ಹಿಡಿದುಕೊಂಡು. ಮಗುವಿನ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಇವರಿಗೆ ಅದು ದೊಡ್ಡದಲ್ಲ ಎಂದು ಆಗ ತೀರ್ಮಾನ ಮಾಡಿದವಳು, ಆ ತೀರ್ಮಾನದ ಜೊತೆಗೇ ಸಂಸಾರ ಮಾಡಿಕೊಂಡು ಬಂದಿದ್ದಳು. ಜಗಳವಿರಲಿಲ್ಲ. ಆದರೆ ಆ ಸೀರೆಯನ್ನು ಅವಳು ಒಂದು ದಿನವೂ ಉಟ್ಟಿರಲಿಲ್ಲ.

ಚೀಟಿಯನ್ನು ಮೇಜಿನ ಮೇಲಿಟ್ಟು, ಅರ್ಧವಾಗಿದ್ದ ಲಂಗದ ಅಂಚು ಹೊಲಿದು ಮುಗಿಸಿದಳು. ನೂಲು ಕಡಿದಳು. ಆಮೇಲೆ ಎದ್ದು ಗಂಡನ ಮುಂದೆ ಹೋಗಿ ಕೂತು ಎರಡೂ ಬದಿಯನ್ನು ಓದಿ ಹೇಳಿದಳು. ಪ್ರೇಮಾನಂದರು ಮುಖ ತಗ್ಗಿಸಿದರು.

"ಮಾತ್ ಇದ್ದ ಕಾಲ್ದಗೆ ಒಂದ್ ಮಾತ್ ಹೇಳುಕ್ ಆಗ್ಲಿಲ್ಯಾ ನಿಮ್ಗೆ?" ಎಂದು ಕೇಳಿದಳು. ಸಿಟ್ಟಿನಿಂದ ಶುರುವಾದ ಮಾತು ಕೊನೆ ಮುಟ್ಟುವಾಗ ಒಡೆದುಹೋಯಿತು. "ನಾನ್ ಎಂತದೆಲ್ಲಾ ಅಂದ್ಕಂಡಿದ್ದೆ ಗೊತ್ತಿತ್ತಾ?"

ಅವರು ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದರು. ತುಟಿ ತುಂಬಾ ಹೊತ್ತು ಅಲುಗಾಡಿತು. "ನಾಳೆ," ಅಂದರು. "ನಾಳೆ... ನಾಳೆ."

"ಆಯ್ತ್," ಅಂದಳು ಕುಸುಮ ಕಣ್ಣೊರಸಿಕೊಳ್ಳುತ್ತಾ. "ಗೊತ್ತಾಯ್ತ್ ನಂಗೆ."

ಮಳೆಗಾಲವಿಡೀ ಕೆಲಸ ಸಾಗಿತು. ಸೆಪ್ಟೆಂಬರಿನಲ್ಲಿ ಒಂದೇ ನಾಣ್ಯ, ಒಂದೇ ಚೀಟಿ ಉಳಿದವು. ಉಳಿದದ್ದು ಅದೊಂದೇ ಅಂದ ಮೇಲೆ ಜೋಡಿ ಅದೇ ಆಗಿರಬೇಕು. ಆದರೆ ಕುಸುಮಳಿಗೆ ಮನಸ್ಸು ಒಪ್ಪಲಿಲ್ಲ. ಚೀಟಿಯಲ್ಲಿದ್ದದ್ದು "ಅದೃಷ್ಟದೇವಿ. ಒಂದು ಕೈಯಲ್ಲಿ ಹಡಗಿನ ಚುಕ್ಕಾಣಿ, ಇನ್ನೊಂದರಲ್ಲಿ ಹಣ್ಣು ತುಂಬಿದ ಕೊಂಬು." ಬೇರೆ ಎರಡು ನಾಣ್ಯಗಳಲ್ಲಿ ಅವಳು ಆ ಕೊಂಬನ್ನು ಕಂಡಿದ್ದಳು. ಇದರಲ್ಲಿ ಕೊಂಬೇ ಇಲ್ಲ, ಬಳೆಯಂಥ ಏನೋ ಒಂದು ಇದೆ.

ಆಗ ರವಿಕೆಯ ಅಳತೆ ಕೊಡಲು ಕೋಡಿಯ ಬಾಗಿ ಬಂದಳು. ಮನೆ ಮನೆಗೆ ಮೀನು ಮಾರುವವಳು, ಅಪ್ಪ, ಗಂಡ, ಮಕ್ಕಳು ಎಲ್ಲರೂ ದೋಣಿಯವರು. ಬುಟ್ಟಿ ಹೊರಗಿಟ್ಟು ಕೈ ತೊಳೆದು ಒಳಬಂದವಳು, ಕುಸುಮ ಚೀಟಿ ಓದಿ ಹೇಳಿದಾಗ, ಭೂತಗನ್ನಡಿಯಲ್ಲಿ ಬಗ್ಗಿ ನೋಡಿದಳು.

"ಹ್ವಾಯ್ ಕುಸುಮಕ್ಕ, ಯಾರ್ ಹೇಳ್ದ್ರ್ ಇದ್ ಚುಕ್ಕಾಣಿ ಅಂದೇಳಿ? ಚುಕ್ಕಾಣಿ ಹಲ್ಗಿ ಹಾಂಗಿರತ್ತ್. ಇದ್ ಲಂಗರ್. ಅಡಿಯಂಗ್ ಎರಡ್ ಬದಿ ಕೊಕ್ಕೆ ಕಾಂತಿಲ್ಯಾ?"

ಕಂಡಿತು. ಒಮ್ಮೆ ಕಂಡ ಮೇಲೆ ಬೇರೆ ಏನೂ ಆಗಿ ಕಾಣಲಿಲ್ಲ. ಕುಸುಮ ಫೋಟೋ ತೆಗೆದು ವಿನಯಾಳಿಗೆ ಕಳಿಸಿದಳು. ಅವಳು ಅಲ್ಲಿ ಇಲ್ಲಿ ಹುಡುಕಿ ಸಂಜೆಗೆ ಫೋನ್ ಮಾಡಿದಳು. "ಅಮ್ಮಾ, ಅಪ್ಪಯ್ಯಂದೇ ತಪ್ಪ್. ಒಂದ್ ಕೈಯಲ್ ಹೂವಿನ ಬಳೆ, ಒಂದ್ ಕೈಯಲ್ ಲಂಗರ್ ಇದ್ರೆ ಅದ್ ಅದೃಷ್ಟ ಅಲ್ಲ ಅಂಬ್ರ್. ಸಂತೋಷದ ದೇವಿ ಅಂಬ್ರ್."

ಇಷ್ಟು ವರ್ಷ ತಪ್ಪಾಗಿ ಇಟ್ಟುಕೊಂಡಿದ್ದರು ಎಂದು ಹೇಳಿದರೆ ಮನಸ್ಸಿಗೆ ನೋವಾದೀತೇ? ಕುಸುಮ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿಸಿದ ಮೇಲೆ ನಾಣ್ಯವನ್ನು ಅವರ ಅಂಗೈಗೆ ಇಟ್ಟು, ಬಾಗಿ ಅಂದದ್ದನ್ನೂ ಮಗಳು ಅಂದದ್ದನ್ನೂ ಹೇಳಿದಳು. ಪ್ರೇಮಾನಂದರು ಹುಬ್ಬು ಗಂಟಿಕ್ಕಿದರು. ಉಜ್ಜಿದರು. ಕೋಲೂರಿ ಎದ್ದು ಕಿಟಕಿಯ ಬೆಳಕಿಗೆ ಹೋಗಿ, ಅವಳು ಹಿಡಿದ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. ಬಾಯಿಯ ಒಂದೇ ಬದಿ ಮೇಲೇರಿದ ಸೊಟ್ಟ ನಗು, ಆದರೆ ಹೊಟ್ಟೆಯಿಂದ ಬಂದದ್ದು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಮೇಜಿನ ಮೇಲಿದ್ದ ಪೆನ್ಸಿಲನ್ನು ಎತ್ತಿ ಅವಳ ಕೈಗೆ ಕೊಟ್ಟರು.

ಕುಸುಮ ಹೊಸ ಚೀಟಿಯಲ್ಲಿ "ಸಂತೋಷ. ಹೂಬಳೆ, ಲಂಗರು" ಎಂದು ಬರೆದಳು. ತಿರುಗಿಸಿ, ಒಂದು ಗಳಿಗೆ ಯೋಚಿಸಿ, ಹಿಂಬದಿಯಲ್ಲೂ ಬರೆದಳು: "ಕೋಡಿಯ ಬಾಗಿ ಗುರುತು ಹಿಡಿದಳು. ಇವರು ನಕ್ಕರು."

ಮರದ ಹಲಗೆ ಬಿದ್ದ ಏಟಿಗೆ ಸೀಳಿತ್ತು. ದಸರಾ ರಜೆಯಲ್ಲಿ ಹೊಲಿಗೆಯ ಕೆಲಸ ಸ್ವಲ್ಪ ಬಿಡುವಾದಾಗ ಅವಳು ಉಳಿದ ಲೈನಿಂಗ್ ಬಟ್ಟೆಗಳನ್ನು ಕೂಡಿಸಿ, ಮಡಚಿಡಲು ಬರುವಂತೆ ಒಂದು ಉದ್ದದ ಚೀಲ ಹೊಲಿದಳು. ಸಾಲು ಸಾಲಾಗಿ ಅರುವತ್ತಮೂರು ಜೇಬು, ಒಂದೊಂದರಲ್ಲಿ ನಾಣ್ಯಕ್ಕೊಂದು ಮನೆ, ಚೀಟಿಗೊಂದು ಮನೆ. ಪ್ರೇಮಾನಂದರು ಎಡಗೈಯಿಂದ ಒಂದೊಂದನ್ನೇ ತುಂಬಿಸತೊಡಗಿದರು. ನಾಣ್ಯ ಜಾರಿದರೆ ಮತ್ತೆ ಎತ್ತುತ್ತಿದ್ದರು. ಸಹಾಯ ಮಾಡಲು ಹೋಗಬೇಡಿ ಎಂದು ಅನಿಷಾ ಹೇಳಿದ್ದರಿಂದ ಕುಸುಮ ತನ್ನ ಪಾಡಿಗೆ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಚ್ಚುತ್ತಾ ಕೂತಳು. ಮಳೆ ನಿಂತು ಬಿಸಿಲು ಕಾದಿತ್ತು. ಹೊರಗೆ ಎಲೆ ಅಲುಗುತ್ತಿರಲಿಲ್ಲ.

"ಸೆಕೆ," ಅಂದರು ಪ್ರೇಮಾನಂದರು.

ಕುಸುಮ ತಲೆಯೆತ್ತಿದಳು. ಅವರೂ ತಾವು ಅಂದದ್ದನ್ನು ತಾವೇ ನಂಬದವರಂತೆ ಅವಳನ್ನೇ ನೋಡುತ್ತಿದ್ದರು.

"ಎಂತ ಅಂದ್ರಿ?"

"ಸೆ... ಸೆಕೆ."

ಅವಳು ಎದ್ದ ರಭಸಕ್ಕೆ ಮಡಿಲಿನ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಹೆಕ್ಕಲು ಬಗ್ಗಲಿಲ್ಲ. ಫ್ಯಾನಿನ ಸ್ವಿಚ್ಚು ಹಾಕಿ, ಗಾಳಿ ಅವರಿಗೆ ನೇರ ಬೀಳುವಂತೆ ಕುರ್ಚಿಯನ್ನು ಚೂರು ಈಚೆ ಎಳೆದಳು.

"ಹೌದ್," ಅಂದಳು. "ಇವತ್ತ್ ಭಾರೀ ಸೆಕೆ."