ಹಳ್ಳದ ತಿರುವು

ಹಳ್ಳದ ದಂಡೆಗಳ ಬಗ್ಗೆ ಸರ್ಕಾರ ಹೊಸ ನೀತಿ ರೂಪಿಸುತ್ತಿತ್ತು. ನೀರಿನ ಹರಿವು ಅಳೆದು ಸಲಹೆ ಕೊಡುವುದು ನನ್ನ ಕೆಲಸ. ನವಲಗುಂದದ ಹತ್ತಿರದ ಒಂದೂರಲ್ಲಿ ಸಭೆ ಸೇರಿತ್ತು. ಅಲ್ಲಿ ಪ್ರತಿ ಮಳೆಗಾಲ ಹಳ್ಳ ಉಕ್ಕಿ ಹತ್ತಿ, ಹೆಸರುಕಾಳಿನ ಬೆಳೆಗಳು ಕೊಚ್ಚಿಹೋಗುತ್ತಿದ್ದವು. ತಿರುವು ತೆಗೆದು ಹಳ್ಳವನ್ನು ನೇರ ಮಾಡುವ ಯೋಜನೆ ಬರೆದ ಎಂಜಿನಿಯರ್ ಸಾಹೇಬರು ಅದೇ ಊರಿನವರು. ಆ ತಿರುವಿನಲ್ಲಿ ಮುಳುಗುತ್ತಿದ್ದದ್ದು ಅವರಣ್ಣನ ಹೊಲ.

ನನ್ನ ಲೆಕ್ಕ ಬೇರೆಯೇ ಹೇಳುತ್ತಿತ್ತು. ಬಾಯಿಬಿಟ್ಟರೆ ಊರೇ ಮೈಮೇಲೆ ಬಂದೀತೆಂದು ಹಿಂಜರಿಯುತ್ತಿದ್ದೆ. ಸಾಹೇಬರೇ ಕೇಳಿದರು: "ಹಳ್ಳ ನೆಟ್ಟಗ ಮಾಡಿದ್ರ ಕೆಳಗಿನ ಊರಿಗೆ ಏನಾಗ್ತದ? ಖರೇ ಹೇಳ್ರಿ."

"ನೀರು ಜೋರಾಗಿ ಹರಿದು ಅವರ ಮನೆಗಳಿಗೆ ನುಗ್ಗುತ್ತದೆ ಸರ್."

ಅವರು ಎದ್ದು ನಿಂತರು. "ನನ್ನ ಯೋಜನಾ ತಪ್ಪೈತ್ರಿ. ನಮ್ಮ ಹೊಲದಾಗಿನ ನೀರು ತಗದು ಮಂದಿ ಮನ್ಯಾಗ ಬಿಡೂದು ಆಗೂದಿಲ್ಲ."

"ಲೇ ತಮ್ಮಾ, ಯಾರ ಕಡೆ ಅದಿ ನೀ?" ಅಣ್ಣ ಹಿಂದಿನಿಂದ ಗುಡುಗಿದರು.

"ಎರಡೂ ಊರಿನ ಕಡೆ, ಅಣ್ಣಾ. ಪಗಾರ ಅದಕ್ಕ ಕೊಡ್ತಾರ."

ಕೊನೆಗೆ ತಿರುವು ಉಳಿಯಿತು. ಹಳ್ಳದೊಳಗೆ ನೀರು ತಡೆಯುವ ಜಾಲಿ ಗಿಡ ತೆಗೆದು, ದಂಡೆಗೆ ಹುಲ್ಲು ಬೆಳೆಸಿ, ಮುಳುಗುವ ಹೊಲಗಳಿಗೆ ಪರಿಹಾರ ಕೊಡಬೇಕೆಂಬ ಮಾತು ನೀತಿಯಲ್ಲಿ ಸೇರಿತು. ಸ್ವಂತ ಊರವರ ಮುಂದೆ ತನ್ನದೇ ಯೋಜನೆಯನ್ನು ಕೈಬಿಟ್ಟ ಅಧಿಕಾರಿಯನ್ನು ನಾನು ನೋಡಿದ್ದು ಅದೇ ಮೊದಲು.

ಸಭೆ ಮುಗಿದದ್ದೇ ಅಣ್ಣ ತಮ್ಮನನ್ನು ಬಿಟ್ಟು ಬೈಕ್ ಹತ್ತಿ ಹೋದರು. ಸಾಹೇಬರು ನಮ್ಮ ಜೀಪಿನಲ್ಲಿ ಕೂತು, "ಊಟಕ್ಕೂ ಕರೀಲಿಲ್ಲ ನೋಡ್ರಿ," ಎಂದು ನಕ್ಕರು. ಲೆಕ್ಕ ಹೇಳಿದವನು ನಾನಲ್ಲವೇ, ಖಾನಾವಳಿಯಲ್ಲಿ ರೊಟ್ಟಿ ನಾನೇ ಕೊಡಿಸಿದೆ.